ನೀರು ಬಿಟ್ಟ ಮೇಲಿನ ನೆಲ

ಗುಳ್ಳೆ ಮತ್ತೆ ಗದ್ದೆಯ ಕಡೆಗೇ ಓಡಿತ್ತು.

ದೇವಕಮ್ಮ ರಸಮಟ್ಟವನ್ನು ಎತ್ತಿ, ಅಂಗಿಯ ತೋಳಿಗೆ ಒರೆಸಿ, ತಿರುಗಿಸಿ ಲೇಥ್ ಯಂತ್ರದ ಬೆನ್ನ ಮೇಲೆ ಇಟ್ಟು ನೋಡಿದಳು. ಗಾಜಿನ ಕೊಳವೆಯೊಳಗಿನ ಗುಳ್ಳೆ ಹಟಮಾರಿ ಕೂಸಿನಂತೆ ಮತ್ತೆ ಅತ್ತಲೇ ಸರಿಯಿತು. ನಿನ್ನೆ ಸಂಜೆ ಯಂತ್ರದ ಕಾಲಿನಡಿ ತಗಡಿನ ಚೂರು ತುರುಕಿ, ಉಸಿರು ಬಿಗಿಹಿಡಿದು ಸಮ ಮಾಡಿದ್ದಳು. ಬೆಳಗಾಗುವುದರೊಳಗೆ ನೆಲ ಮತ್ತಷ್ಟು ಉಬ್ಬಿತ್ತು. ಕೆಳಗಿನ ಕಾಂಕ್ರೀಟಿನಲ್ಲಿ ಕೂದಲೆಳೆಯಂತಿದ್ದ ಬಿರುಕಿನಲ್ಲಿ ಈಗ ಉಗುರು ತೂರುತ್ತಿತ್ತು.

ನಾಳೆ ಕಲಬುರಗಿಯಿಂದ ಸಾಹೇಬರು ಯಂತ್ರಗಳ ಪರೀಕ್ಷೆಗೆ ಬರುತ್ತಾರೆ. ಈ ನೆಲ ಯಂತ್ರಕ್ಕೆ ಯೋಗ್ಯವಲ್ಲ ಎಂದು ಅವರು ಹೇಳಿದರೆ ಮುಗಿಯಿತು. ಲೇಥು, ಕೊರೆಯುವ ಯಂತ್ರ, ಸಾಣೆ, ಎಲ್ಲವೂ ಲಾರಿ ಹತ್ತಿ ಯಾದಗಿರಿಗೆ ಹೋಗುತ್ತವೆ. ಇಲ್ಲಿನ ಮಕ್ಕಳಿಗೆ ಉಳಿಯುವುದು ಒಂದು ಖಾಲಿ ಕೋಣೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ, ಕಾಲುವೆಯ ಮಗ್ಗುಲಿಗೆ ಇತ್ತು ಈ ಸರ್ಕಾರಿ ಹೈಸ್ಕೂಲು. ಹಳ್ಳಿಯ ಶಾಲೆಯಲ್ಲಿ ಕಾರ್ಖಾನೆಯ ಕೆಲಸ ಕಲಿಸುವ ಕೋಣೆ ಬರುತ್ತದೆ ಎಂದಾಗ ಯಾರೂ ನಂಬಿರಲಿಲ್ಲ. ಬಂತು. ಊರವರು ಅದಕ್ಕೆ ಮಷಿನ್ ಖೋಲಿ ಎಂದು ಹೆಸರಿಟ್ಟರು. ಕಲಿಸಲಿಕ್ಕೆ ಬಂದವಳು ಬಳಿಚಕ್ರ ಎಂಬ ಊರಿನ ಕೂಲಿಕಾರರ ಮಗಳು ದೇವಕಮ್ಮ. ಡಿಪ್ಲೊಮಾ ಮುಗಿಸಿ ಹೈದರಾಬಾದಿನ ಕಾರ್ಖಾನೆಯೊಂದಕ್ಕೆ ಸೇರಿದಾಗ ಅಲ್ಲಿನ ಗಂಡಸರು ಮೊದಲು ಅವಳ ಕೈಗೆ ಕಸಬರಿಗೆ ಕೊಟ್ಟಿದ್ದರು. ಯಂತ್ರದ ಹಿಡಿ ಸಿಕ್ಕಿದ್ದು ಬಹಳ ತಡವಾಗಿ. ತನ್ನ ಮಕ್ಕಳಿಗೆ ಅದು ಹತ್ತನೇ ತರಗತಿಯಲ್ಲೇ ಸಿಗಲಿ ಎಂಬುದು ಅವಳ ಹಟ.

ತಪ್ಪು ಆದದ್ದು ಬೇಸಿಗೆಯಲ್ಲಿ. ಈ ಸೀಮೆಯಲ್ಲಿ ಯಾರು ಏನು ಕಟ್ಟಿದರೂ ಬೇಸಿಗೆಯಲ್ಲೇ ಕಟ್ಟುತ್ತಾರೆ. ಆಗ ಕಾಲುವೆ ಬಂದ್, ಹೊಲದಲ್ಲಿ ಕೆಲಸವಿಲ್ಲ, ಕರೆದರೆ ಆಳು ಬರುತ್ತಾರೆ. ಎರೆಭೂಮಿ ಒಣಗಿ ಕಲ್ಲಾಗಿತ್ತು. ಗುದ್ದಲಿ ಬಿದ್ದರೆ ಟಣ್ ಎನ್ನುತ್ತಿತ್ತು. ಇದಕ್ಕಿಂತ ಗಟ್ಟಿ ನೆಲ ಎಲ್ಲಿದೆ ಎಂದು ಎಲ್ಲರೂ ತಲೆಯಾಡಿಸಿದರು. ಅವಳೂ ಆಡಿಸಿದಳು. ಕೆಳಗಿನ ಗಟ್ಟಿ ಗರಸು ಮಣ್ಣು ಸಿಗುವವರೆಗೆ ತೋಡಿಸದೆ ಕಾಂಕ್ರೀಟು ಸುರಿಸಿ ಯಂತ್ರ ಕೂಡಿಸಿದಳು. ಅಪ್ಪ ಅಜ್ಜಂದಿರ ಮನೆಗಳು ಇಂಥದೇ ನೆಲದ ಮೇಲೆ ನಿಂತಿಲ್ಲವೆ? ನಿಂತಿದ್ದವು ನಿಜ. ಆದರೆ ಅವರ ನೆಲ ಮಳೆ ಬಂದಾಗ ಒಂದಿಷ್ಟು ಕುಡಿದು ಸುಮ್ಮನಾಗುತ್ತಿತ್ತು. ಕಾಲುವೆ ಬಂದ ಮೇಲಿನ ನೆಲ ತಿಂಗಳುಗಟ್ಟಲೆ ಕುಡಿಯುತ್ತಲೇ ಇರುತ್ತದೆ. ಕಾಲುವೆಗೆ ನೀರು ಬಿಟ್ಟರು, ಖೋಲಿಯ ಗೋಡೆಗೆ ಹತ್ತಿದ ಹೊಲದಲ್ಲಿ ಲಿಂಗಣ್ಣ ಭತ್ತ ಹಚ್ಚಿದ, ಕಲ್ಲಿನಂಥ ನೆಲ ಹಿಟ್ಟಿನಂತೆ ಉಬ್ಬತೊಡಗಿತು.

"ಏನಂತದ್ರಿ ಮೇಡಂ, ನಿಮ್ಮ ಗುಳ್ಳಿ?" ಹೆಡ್ ಮಾಸ್ತರ ನೀಲಕಂಠ ಬಾಗಿಲಲ್ಲೇ ನಿಂತು ಕೇಳಿದರು.

"ಗದ್ದಿ ಕಡಿ ಮತ್ತ ಎತ್ತರ ಆಗ್ಯಾದ್ರಿ ಸರ್. ಬಿರುಕೂ ದೊಡ್ಡದಾಗ್ಯಾದ."

"ಅದಕ್ಕ್ಯಾಕ ಫಿಕರ್ ಮಾಡ್ತೀರಿ? ಮ್ಯಾಲೊಂದು ಜಮಖಾನಿ ಹಾಸೂಣು. ಸಾಹೇಬರು ಮಷಿನ್ ನೋಡಾಕ ಬರ್ತಾರ, ನೆಲ ಕೆದರಾಕಲ್ಲ."

"ಲೇಥ್ ಕೆಳಗ ಜಮಖಾನಿ ಹಾಸೂದು ಎಲ್ಲಿ ನೋಡೀರಿ ಸರ್? ಅದೇನು ಮದಿವಿ ಗಂಡೇನು?"

ನೀಲಕಂಠರು ನಗಲಿಲ್ಲ. "ಮುಂಜಾನಿ ಎದ್ದು ಮಟ್ಟ ಮಾಡ್ರಿ, ಸಾಹೇಬರಿಗೆ ತೋರಸ್ರಿ. ಅವರು ಹ್ವಾದ ಮ್ಯಾಲ ಅದು ಸೊಟ್ಟಾದ್ರ ಯಾರ ಗಂಟು ಹೋಗತದ?"

"ಹುಡುಗರ ಗಂಟು ಹೋಗತದ್ರಿ. ಸೊಟ್ಟ ಮಷಿನ್ ಮ್ಯಾಲ ಕಲತವರು ತಮ್ಮ ಕೈನ ಸೊಟ್ಟ ಅಂತ ತಿಳ್ಕೊಂತಾರ."

ನೀಲಕಂಠರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಉಳಿದದ್ದು ಒಂದೇ ದಾರಿ. ಗೋಡೆಗುಂಟ ಒಂದು ಗಟಾರ ತೋಡಿ, ಗದ್ದೆಯಿಂದ ಬಸಿಯುವ ನೀರನ್ನು ಹಿಂದಿನ ಹಳ್ಳಕ್ಕೆ ದಾಟಿಸಬೇಕು. ಆಗ ನೆಲ ಉಬ್ಬುವುದು ನಿಲ್ಲಬಹುದು. ನಾಳೆ ಬರುವವರಿಗೆ, ನೀರಿಗೆ ದಾರಿ ಮಾಡಿದ್ದೇವೆ ಎಂದಾದರೂ ತೋರಿಸಬಹುದು. ಗೋಡೆಯಾಚೆಯ ಗದ್ದೆಯ ಒಡ್ಡು ಲಿಂಗಣ್ಣನದು. ಅವಳು ಕೇಳಿದಾಗೆಲ್ಲ ಅವನು "ಆತು, ಆತು, ನನ್ನ ಪಾಳಿ ನೀರು ಮುಗೀಲಿ" ಎನ್ನುತ್ತ ಬಂದಿದ್ದ. ಪಾಳಿ ಮುಗಿಯಲಿಲ್ಲ, ಪರೀಕ್ಷೆಯ ದಿನ ಹತ್ತಿರ ಬಂತು. ಮೇಲಾಗಿ ಇವತ್ತು ಸೀಗಿ ಹುಣ್ಣಿಮೆ.

ಸೀಗಿ ಹುಣ್ಣಿಮೆಯ ದಿನ, ಪೈರು ಹೊತ್ತು ನಿಂತ ಭೂಮಿ ಬಸುರಿ. ಹೆಣ್ಣುಮಕ್ಕಳು ಬಯಕೆಯ ಊಟ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ ಉಣಿಸಿ ಬರುತ್ತಾರೆ. ಅಂದು ಆ ಊರಿನಲ್ಲಿ ಯಾರೂ ಮಣ್ಣಿಗೆ ಕಬ್ಬಿಣ ಹಚ್ಚುವುದಿಲ್ಲ. ಸ್ವಂತ ಹೊಲ ಎಂಬುದೇ ಇಲ್ಲದ ದೇವಕಮ್ಮನ ಅವ್ವ ಕೂಡ ಅಂದು ಕುಡುಗೋಲನ್ನು ಸೂರಿಗೆ ಸಿಕ್ಕಿಸಿಬಿಡುತ್ತಿದ್ದಳು.

ಗೊತ್ತಿದ್ದೂ ಅವಳು ಖಾಜಾಹುಸೇನನ ಮನೆಗೆ ಹೋದಳು. ಊರಲ್ಲಿ ಪಾಯ ತೋಡುವ ಕೆಲಸವೆಲ್ಲ ಅವನದೇ.

"ಬ್ಯಾರೆ ದಿನ ಕರಿ ದೇವಕ್ಕಾ, ಬಾವಿ ತೋಡಂದ್ರೂ ತೋಡತೀನಿ. ಇವತ್ತ ಆಗಂಗಿಲ್ಲ."

"ನಿನಗ್ಯಾವ ಸೀಗಿ ಹುಣ್ಣಿವಿ, ಖಾಜಾ?"

"ಯಾಕ, ನನ್ನ ಹೊಲದ ಹತ್ತಿ ಸಾಬರ ಹತ್ತಿ ಅಂತ ಬ್ಯಾರೆ ಥರಾ ಹೊಟ್ಟಿ ಕಟ್ಟತದೇನು? ನಮ್ಮನ್ಯಾಗೂ ಕಡಬು ಮಾಡ್ಯಾರ. ಬಾ, ಉಂಡು ಹೋಗು."

ಅವಳು ಉಣ್ಣಲಿಲ್ಲ. ಶಾಲೆಗೆ ಬಂದು, ತೋಟದ ಗುದ್ದಲಿ ಹುಡುಕಿ ತೆಗೆದಳು. ಹುಣ್ಣಿಮೆಯೆಂದು ಮಕ್ಕಳೆಲ್ಲ ಹೊಲಗಳಿಗೆ ಹೋಗಿದ್ದರು, ಅಂಗಳ ಬಣಗುಟ್ಟುತ್ತಿತ್ತು. ಖೋಲಿಯ ಹಿಂದೆ ಹೋಗಿ, ಗೋಡೆಗೂ ಒಡ್ಡಿಗೂ ನಡುವಿನ ಮಣ್ಣಿನ ಮೇಲೆ ನಿಂತಳು. ಅವ್ವನ ಕುಡುಗೋಲು ಕಣ್ಣೆದುರು ಬಂತು. ಆಮೇಲೆ ಗುದ್ದಲಿ ಎತ್ತಿ ಹಾಕಿದಳು.

ಮೇಲಿನ ಒಣ ಪದರು ಒಡೆದು ಕೆಳಗಿನ ಹಸಿಮಣ್ಣು ಕಾಣುವ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಲಿಂಗಣ್ಣನ ಮನೆಮಂದಿ ಬುಟ್ಟಿಗಳೊಂದಿಗೆ ಗದ್ದೆಗೆ ಬಂದಿಳಿದರು. ಮೊದಲು ಕಂಡವಳು ಅವನ ಹೆಂಡತಿ ಸೂಗಮ್ಮ.

"ಯಾರದು ಅಲ್ಲಿ? ಹೊಟ್ಟೀಲಿದ್ದ ಭೂಮಿಗಿ ಗುದ್ದಲಿ ಹಾಕಾಕತ್ತಾಳಲ್ಲ! ಏ, ನಿನ್ನ ಕೈ ಸೇದಿ ಹೋಗ, ಇಡ ಅದನ್ನ!"

ಲಿಂಗಣ್ಣ ಒಡ್ಡಿನ ಮೇಲೆ ಬಂದು ನಿಂತ. ಧ್ವನಿ ಏರಿಸಲಿಲ್ಲ, ಅವನು ಏರಿಸುವವನೂ ಅಲ್ಲ. "ದೇವಕಿ, ಇಡು ಕೆಳಗ." ಶಾಲೆಯ ಎಲ್ಲ ಮಾಸ್ತರರಿಗೂ 'ರೀ' ಹಚ್ಚಿ ಮಾತಾಡುವವನು ಅವಳೊಬ್ಬಳನ್ನೇ ಹೀಗೆ ಕರೆಯುತ್ತಿದ್ದ.

"ನಾಳೆ ಪರೀಕ್ಷಾ ಅದರಿ ಸಾವ್ಕಾರ್ರ. ಗಟಾರ ಇಲ್ಲಂದ್ರ ಮಷಿನ್ ಉಳಿಯಂಗಿಲ್ಲ."

"ಗಟಾರ ತೋಡಿದ್ರ ನನ್ನ ಗದ್ದಿ ನೀರು ಉಳಿಯಂಗಿಲ್ಲ. ನೆಲ್ಲು ಗಬ್ಬ ಆಗ್ಯಾದ, ಕಾಣಂಗಿಲ್ಲೇನು? ಈಗ ನೀರು ತಪ್ಪಿದ್ರ ತೆನಿ ಪೂರಾ ಜೊಳ್ಳ. ಜೊಳ್ಳು ತಂದು ನಿನ್ನ ಮಷಿನ್ನಿಗೆ ತಿನಸಲೇನು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದು ದೇವಕಮ್ಮನಿಗೂ ಗೊತ್ತಿತ್ತು.

ಗದ್ದಲ ಕೇಳಿ ನೀಲಕಂಠರು ಓಡಿ ಬಂದರು. "ಸಾವ್ಕಾರ್ರ, ನಾ ಬ್ಯಾಡಂದೇರಿ. ಹೌದಲ್ರಿ ಮೇಡಂ, ನಾ ಜಮಖಾನಿ..."

"ಮಾಸ್ತರ, ಈ ಜಾಗಾ ಕೊಟ್ಟಾಂವ ಯಾರು?" ಲಿಂಗಣ್ಣ ಕೇಳಿದ.

"ನೀವರಿ. ಮತ್ಯಾರರಿ."

"ಕಾಗದಿಲ್ಲ, ಪತ್ರಿಲ್ಲ, ಬಾಯಿ ಮಾತಿಲೆ ಕೊಟ್ಟೀನಿ. ಬಾಯಿ ಮಾತಿಲೆ ತಗೊಳ್ಳಾಕೂ ಬರ್ತದ."

ಊಟದ ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ನಿಂತಿದ್ದ ಸೂಗಮ್ಮ ಮೂತಿ ತಿರುವಿ ಹೇಳಿದಳು: "ಅಷ್ಟು ಅವಸರಿದ್ರ ಕೈಲೆ ತೋಡವಾ ತಾಯಿ. ಕಬ್ಬಣ ಹಚ್ಚಬಾರದು ಅಂದಾರ ಹಿರ್ಯಾರು, ಕೈ ಹಚ್ಚಬಾರದು ಅಂದಿಲ್ಲ."

ಹಿಂದಿದ್ದ ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು.

ದೇವಕಮ್ಮ ಗುದ್ದಲಿಯನ್ನು ಗೋಡೆಗೆ ಆನಿಸಿಟ್ಟಳು. ಅಂಗಿಯ ತೋಳು ಮಡಚಿದಳು. ಮೊಣಕಾಲೂರಿ ಕೂತು, ಎರಡೂ ಕೈಗಳನ್ನು ಮಣ್ಣಿಗೆ ಹಾಕಿದಳು.

ನಗೆ ನಿಂತಿತು.

ಲಿಂಗಣ್ಣ ಅವಳನ್ನೇ ನೋಡುತ್ತ ನಿಂತ. ಬಳಿಕ ಗದ್ದೆಯ ಅಂಚಿನಿಂದ ಆಪು ಹುಲ್ಲಿನ ಕಡ್ಡಿಯೊಂದನ್ನು ಕಿತ್ತು, ನೀರಿನಲ್ಲಿ ನೆಟ್ಟ. ಕಡ್ಡಿಯ ಗೆಣ್ಣು ಸರಿಯಾಗಿ ನೀರಿನ ಮೇಲ್ಮೈಗೆ ಮುಟ್ಟುವಂತಿತ್ತು. "ತೋಡ್ಲಿ ಬಿಡ್ರಿ. ನೀರು ಈ ಗೆಣ್ಣು ಬಿಟ್ಟು ಕೆಳಗ ಇಳೀತಂದ್ರ, ಮಾಸ್ತರ, ಖೋಲಿ ಕೀಲಿ ನನ್ನ ಕೈಯಾಗಿಡಬೇಕು. ನಾಳೆ ಬರೋ ಸಾಹೇಬರಿಗೆ ನಾನ ಬಾಗಲಾ ತೆರೀತೀನಿ. ಒಳಗ ಜ್ವಾಳದ ಚೀಲ ಇರ್ತಾವ, ನೋಡಿ ಹೋಗ್ಲಿ."

ನೀಲಕಂಠರ ಕೈ ತಂತಾನೇ ಕಿಸೆಯ ಮೇಲೆ ಹೋಯಿತು. ಕೀಲಿ ಅಲ್ಲಿತ್ತು.

ಹಸಿ ಎರೆಮಣ್ಣು ಬಿಡುವ ಮಣ್ಣಲ್ಲ. ಹಿಡಿ ತುಂಬಿದರೆ ಬೆರಳಿಗೆ ಅಂಟುತ್ತದೆ, ಬೆರಳು ಬಿಡಿಸಿಕೊಂಡರೆ ಮೊಣಕೈಗೆ ಅಂಟುತ್ತದೆ. ಅವಳು ಬಗೆದು ಬಗೆದು ಪಕ್ಕಕ್ಕೆ ಒಗೆದಳು. ಉಗುರಿನ ಸಂದಿಯಲ್ಲಿ ಉರಿ ಎದ್ದಿತು. ಬೆನ್ನ ಮೇಲೆ ಬಿಸಿಲು, ತಲೆಯ ಮೇಲೆ ಅಷ್ಟೂ ಜನರ ಕಣ್ಣು. ಒಮ್ಮೆ ತಲೆಯೆತ್ತಿದಳು: ಲಿಂಗಣ್ಣ ಅವಳನ್ನಲ್ಲ, ಕಡ್ಡಿಯನ್ನು ನೋಡುತ್ತಿದ್ದ. ಗೆಣ್ಣು ನೀರಿಗೆ ಹತ್ತಿಯೇ ಇತ್ತು. ಎರೆಯಲ್ಲಿ ನೀರು ಜಿನುಗುವುದು ನಿಧಾನ. ತನ್ನ ಗಟಾರ ಅವನ ಗದ್ದೆಯನ್ನು ಬರಿದು ಮಾಡಲಾರದು ಎಂದು ಅವಳು ನಂಬಿದ್ದಳು. ಆದರೆ ಇದೇ ನೆಲವನ್ನು ಬೇಸಿಗೆಯಲ್ಲೂ ನಂಬಿದ್ದಳಲ್ಲ? ನಿಧಾನವಾಗಿ ಜಿನುಗುವ ನೀರಿಗೆ ಕಾಂಕ್ರೀಟು ಇಷ್ಟು ಬೇಗ ಸೀಳುತ್ತದೆಯೆ?

ಈ ಪ್ರಶ್ನೆ ಪೂರ್ತಿ ಮೂಡುವ ಮೊದಲೇ ಅವಳ ಬಲಗೈ ಮಣ್ಣಿನೊಳಗೆ ಜಾರಿ ಮೊಣಕೈವರೆಗೆ ಹೋಗಿಬಿಟ್ಟಿತು. ಒಳಗೆ ಮಣ್ಣಿರಲಿಲ್ಲ, ಟೊಳ್ಳಿತ್ತು, ತಣ್ಣಗಿತ್ತು. ಗಾಬರಿಯಾಗಿ ಕೈ ಕಿತ್ತುಕೊಂಡಳು. ಕೈಯ ಹಿಂದೆಯೇ ನೀರು ನುಗ್ಗಿತು.

ಜಿನುಗಲ್ಲ, ಧಾರೆ. ನೋಡನೋಡುತ್ತ ಗಟಾರ ತುಂಬಿ, ಅವಳ ಮೊಣಕಾಲು ಮುಳುಗಿ, ನೀರು ಗೋಡೆಯ ಬುಡಕ್ಕೆ ಬಡಿಯಿತು.

"ಇಳೀತು!" ಒಡ್ಡಿನ ಮೇಲಿಂದ ಯಾರೋ ಕೂಗಿದರು. "ಗೆಣ್ಣು ಬಿಟ್ಟು ಇಳೀತು!"

"ಮಾಸ್ತರ, ಕೀಲಿ," ಎಂದ ಲಿಂಗಣ್ಣ.

ದೇವಕಮ್ಮ ಮಗ್ಗುಲಾಗಿ ಕೆಸರಿಗೆ ಬಿದ್ದು, ಕೈಯನ್ನು ಮತ್ತೆ ಅದೇ ತೂತಿಗೆ ತುರುಕಿದಳು. ಈ ಸಲ ಭುಜದವರೆಗೆ. ಧಾರೆ ಕಟ್ಟಿತು. ಕೆನ್ನೆ ಒಡ್ಡಿನ ಮಣ್ಣಿಗೆ ಒತ್ತಿತ್ತು, ಬಾಯಿಗೆ ಕೆಸರು ಬರುತ್ತಿತ್ತು.

"ಏಡಿ ಗುಣಿ!" ಕಿರುಚಿದಳು. "ಸಾವ್ಕಾರ್ರ, ಇದು ಏಡಿ ಗುಣಿರಿ! ನಿಮ್ಮ ಒಡ್ಡು ತೂತಾಗ್ಯಾದ. ಆ ಕಡಿ ಬಾಯಿ ಹುಡುಕ್ರಿ!"

ಕಾಲುವೆ ಬಂದ ಮೇಲೆ ಊರಿಗೆ ಭತ್ತ ಬಂತು, ಸೊಳ್ಳೆ ಬಂತು, ಏಡಿಯೂ ಬಂತು. ಒಡ್ಡು ಕೊರೆದು ಮನೆ ಮಾಡಿಕೊಳ್ಳುವುದು ಅದರ ಗುಣ. ಲಿಂಗಣ್ಣನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಅವನು ನಿಂತಲ್ಲೇ ನಿಂತ. ನೀಲಕಂಠರು ಕೀಲಿಯನ್ನು ಹೊರಗೆ ತೆಗೆದಿದ್ದರು. ಕೊಡಲೂ ಆಗದೆ ಒಳಗಿಡಲೂ ಆಗದೆ ಹಿಡಿದುಕೊಂಡಿದ್ದರು.

ತೋಳು ತೂತಿಗೆ ಸಣ್ಣದು. ಸುತ್ತಲಿನ ಮಣ್ಣು ಕರಗುತ್ತಿರುವುದು, ನೀರು ಕಂಕುಳ ಸಂದಿಯಿಂದ ದಾರಿ ಮಾಡಿಕೊಳ್ಳುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಒಡ್ಡೇ ಬಾಯಿಬಿಡುತ್ತದೆ. ಗದ್ದೆಯ ನೀರೆಲ್ಲ ಖೋಲಿಯ ಅಡಿಗೆ ನುಗ್ಗುತ್ತದೆ. ಪೈರೂ ಹೋಯಿತು, ಯಂತ್ರವೂ ಹೋಯಿತು.

"ಏನ್ ನೋಡ್ಕೋತ ನಿಂತಿ ಕಂಬ ನಿಂತಂಗ?" ಸೂಗಮ್ಮ ಗಂಡನ ಮೇಲೆ ಹರಿಹಾಯ್ದಳು. "ಆಕಿ ಹೆಣ್ಣುಹುಡುಗಿ ಭುಜಾ ಕೊಟ್ಟು ನಿನ್ನ ಗದ್ದಿ ಹಿಡದಾಳ! ಇಳೀ ಒಳಗ!"

ಲಿಂಗಣ್ಣ ಚಪ್ಪಲಿ ಬಿಟ್ಟ. ಧೋತರ ಎತ್ತಿ ಕಟ್ಟಿ ಗದ್ದೆಗಿಳಿದ. "ಎಲ್ಲಿ? ಕೆಸರಾಗ ಕಾಣವಲ್ತು."

"ಬೆರಳು ಅಲಗಾಡ್ಸತೀನಿ. ನೀರು ಕದಡೂದು ನೋಡ್ರಿ."

ಒಡ್ಡಿನೊಳಗೆ, ಯಾರಿಗೂ ಕಾಣದ ಕತ್ತಲೆಯಲ್ಲಿ, ಅವಳು ಬೆರಳಾಡಿಸಿದಳು. ಆಚೆಯಿಂದ ಒಂದು ಕೈ ತಡಕಾಡುತ್ತ ಬಂತು. ಒರಟು ಬೆರಳುಗಳು ಅವಳ ಬೆರಳಿಗೆ ತಗುಲಿ, ಸರಕ್ಕನೆ ಹಿಂದೆ ಹೋದವು. ಜಾಗದ ಮಾತಿಗೆಂದು ಅವನ ಮನೆಗೆ ಹೋದಾಗ ಅವಳು ಕೂತದ್ದು ಅಂಗಳದ ಕಲ್ಲಿನ ಮೇಲೆ. ಅವಳ ಕೈಯಿಂದ ಅವನು ಈವರೆಗೆ ಒಂದು ಕಾಗದವನ್ನೂ ಈಸಿಕೊಂಡವನಲ್ಲ. ನೀರು ಮತ್ತೆ ಗುಳುಗುಳು ಎಂದಿತು. ಅವಳು ಕಣ್ಣು ಮುಚ್ಚಿಕೊಂಡಳು. ಕರೆಯಲಿಲ್ಲ.

ಕೈ ಮರಳಿ ಬಂತು. ಈ ಸಲ ಅವಳ ಬೆರಳುಗಳನ್ನು ದಾಟಿ, ಅಂಗೈಯನ್ನೇ ಗಟ್ಟಿಯಾಗಿ ಹಿಡಿಯಿತು.

"ಸಿಕ್ತು," ಎಂದ ಲಿಂಗಣ್ಣ. ಧ್ವನಿ ಬದಲಾಗಿತ್ತು. "ಬಿಡಬ್ಯಾಡ. ನಾ ಹೇಳೂತನಾ ತಗೀಬ್ಯಾಡ. ಏ ಸೂಗೀ, ಹುಲ್ಲು ತಾ! ಜಿಗಟ ಮಣ್ಣು ತಾ! ಎಲ್ಲಾರೂ ತರ್ರಿ!"

ಬಯಕೆಯ ಬುಟ್ಟಿಗಳು ಒಡ್ಡಿನ ಮೇಲೆ ಉಳಿದವು. ಹೆಣ್ಣುಮಕ್ಕಳು ಸೀರೆ ಎತ್ತಿ ಕಟ್ಟಿ, ಬರಿಗೈಯಲ್ಲಿ ಮಣ್ಣು ಬಗೆದು ಕೊಟ್ಟರು. ಲಿಂಗಣ್ಣ ಹುಲ್ಲಿಗೆ ಮಣ್ಣು ಸುತ್ತಿ ಆ ಕಡೆಯಿಂದ ಜಡಿದ. ದೇವಕಮ್ಮ ತೋಳನ್ನು ಹಿಂದೆ ಹಿಂದೆ ತೆಗೆಯುತ್ತ ಈ ಕಡೆಯಿಂದ ಜಡಿದಳು. ಕೊನೆಯ ಮುದ್ದೆ ಕೂತ ಮೇಲೆ ಅವನು "ಯಪ್ಪೋ!" ಎಂದು ಚೀರಿ ಕೈ ಝಾಡಿಸಿದ. ಹೆಬ್ಬೆರಳಿಗೆ ಏಡಿ ಜೋತಾಡುತ್ತಿತ್ತು.

"ಮನಿ ಕೆಡವಿದ್ರ ಸುಮ್ಮನ ಬಿಡತದೇನು?" ಎಂದಳು ಸೂಗಮ್ಮ. ಆ ದಿನ ಮೊದಲ ಸಲ ನೀಲಕಂಠರು ನಕ್ಕರು. ನಗುತ್ತಲೇ ಕೀಲಿಯನ್ನು ಕಿಸೆಗೆ ಇಳಿಬಿಟ್ಟರು.

ಲಿಂಗಣ್ಣ ಹೆಬ್ಬೆರಳು ಚೀಪುತ್ತ ಗಟಾರದ ನೀರನ್ನು ನೋಡಿದ. "ಯಾವಾಗಿಂದ ಹರ್ಯಾಕತ್ತಿತ್ತು ಇದು?"

"ನನ್ನ ನೆಲ ಉಬ್ಬಿದಾಗಿಂದ್ರಿ."

"ಮ್ಯಾಲಿನ ಹೊಲದವ ನನ್ನ ನೀರು ಕಡೀತಾನ ಅಂತ ಸಂಗಣ್ಣನ ಸಂಗಾಟ ಕುತ್ತಿಗಿ ಪಟ್ಟಿ ಹಿಡದು ಜಗಳಾಡೀನಲ್ಲೋ ಮಾರಾಯ," ಎಂದು ತನಗೆ ತಾನೇ ಹೇಳಿಕೊಂಡ. ಕಡ್ಡಿಯ ಮಾತನ್ನು ಮತ್ತೆ ಎತ್ತಲಿಲ್ಲ. ಅವಳು ಮತ್ತೆ ಮೊಣಕಾಲೂರಿ ಗಟಾರವನ್ನು ಹಳ್ಳದ ಕಡೆ ಎಳೆಯುವಾಗಲೂ ಬೇಡ ಎನ್ನಲಿಲ್ಲ.

ಮರುದಿನ ಕಲಬುರಗಿಯಿಂದ ಮನ್ಸೂರಅಲಿ ಸಾಹೇಬರು ಪರೀಕ್ಷೆಗೆ ಬಂದರು. ಅವರ ಜೀಪಿನ ಹಿಂದೆಯೇ ಒಂದು ಖಾಲಿ ಲಾರಿ ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಡ್ರೈವರ್ ಹಗ್ಗದ ಸುರುಳಿಗಳನ್ನು ಬಿಚ್ಚತೊಡಗಿದ. ದೇವಕಮ್ಮ ಹಗ್ಗವನ್ನೇ ನೋಡಿದಳು. ಇವರು ತೀರ್ಮಾನ ಮಾಡಿಕೊಂಡೇ ಬಂದಿದ್ದಾರೆ.

ಸಾಹೇಬರು ಮಾತು ಕಡಿಮೆಯವರು. ಲೇಥಿಗೆ ಕಬ್ಬಿಣದ ಸರಳು ಕಚ್ಚಿಸಿ, ತಾವೇ ನಿಂತು ಕಡೆಸಿದರು. ಸರಳಿನ ಈ ತುದಿ ಅಳೆದರು, ಆ ತುದಿ ಅಳೆದರು. ಬಾಗಿಲಲ್ಲಿ ಮಕ್ಕಳು ಕತ್ತು ಚಾಚಿ ನಿಂತಿದ್ದರು.

"ಬರಾಬರ್ ಅದ," ಎಂದರು.

ನೀಲಕಂಠರ ಮುಖ ಊರಗಲವಾಯಿತು. "ಹಂಗಂದ್ರ ಪಾಸೇನ್ರಿ ಸಾಹೇಬರ?"

ಸಾಹೇಬರು ಲೇಥಿನ ಕೆಳಗೆ ನೀಲಕಂಠರು ಹಾಸಿಸಿದ್ದ ಜಮಖಾನಿಯ ಅಂಚನ್ನು ಬೂಟಿನ ತುದಿಯಿಂದ ಸರಿಸಿದರು. ಬಿರುಕು ಕಂಡಿತು. "ಇದೇನು?"

ನೀಲಕಂಠರು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದರು: ಹಳೆಯ ಬಿರುಕು ಅನ್ನಿ, ಒಂದು ಮಾತು ಅನ್ನಿ, ಸಾಕು.

"ನೀರು ಬಿಟ್ಟ ಮ್ಯಾಲ ಬಿಟ್ಟದ್ದರಿ," ಎಂದಳು ದೇವಕಮ್ಮ. "ಇವತ್ತ ಮುಂಜಾನಿ ತಗಡು ಕೊಟ್ಟು ಮಟ್ಟ ಮಾಡೀನಿ. ನೀರು ಬರೂ ತೂತು ನಿನ್ನೆ ಮುಚ್ಚೀವಿ. ನೆಲ ಇನ್ನ ನಿಲ್ಲತದೋ ಇಲ್ಲೋ, ಇವತ್ತ ಯಾರಿಗೂ ಹೇಳಾಕ ಆಗಂಗಿಲ್ಲ."

"ಹಂಗಾದ್ರ ನಾನೂ ಪಾಸ್ ಅನ್ನಾಕ ಆಗಂಗಿಲ್ಲ." ಸಾಹೇಬರು ಕೈ ಒರೆಸಿಕೊಂಡರು. "ಮಷಿನ್ ಯಾದಗಿರಿಗೆ ಹೋಗ್ಲಿ. ಬ್ಯಾಸಗಿಯೊಳಗ ನೆಲ ಒಣಗಿದ ಮ್ಯಾಲ ರಿಪೇರಿ ಮಾಡಸ್ರಿ, ಬಂದು ನೋಡತೀನಿ."

"ಬ್ಯಾಸಗ್ಯಾಗ ನಾನೂ ನೋಡಿದ್ದೇರಿ. ಬ್ಯಾಸಗ್ಯಾಗ ಈ ಸೀಮ್ಯಾಗ ಎಲ್ಲಾ ನೆಲಾನೂ ಪಾಸಾಗತದ." ಅವಳು ಹಿಂದಿನ ಗದ್ದೆಯ ಕಡೆ ಕೈ ಮಾಡಿದಳು. "ನೋಡೂದಿದ್ರ ಈಗ ನೋಡ್ರಿ, ನೀರು ನಿಂತಾಗ. ನೆಲ್ಲು ಕೊಯ್ಯೂತನಾ ಮಷಿನ್ ಇಲ್ಲೇ ಇರ್ಲಿ. ಹೇಳದ ಕೇಳದ ಯಾವತ್ತರ ಬರ್ರಿ. ಅವತ್ತ ಸರಳು ಸೊಟ್ಟ ಬಂದ್ರ, ನಾನ ಬೋಲ್ಟ್ ಬಿಚ್ಚಿ ಲಾರಿಗೆ ಏರಿಸಿ ಕೊಡತೀನಿ."

"ನೀವ ಬಿಚ್ಚೋರು?"

"ಹಾಕಿದಾಕಿನೂ ನಾನ್ರಿ."

ಮನ್ಸೂರಅಲಿ ಅವಳ ಕೈಗಳನ್ನು ನೋಡಿದರು. ಉಗುರುಗಳು ಒಡೆದಿದ್ದವು. ಹೊರಗೆ ಹೋಗಿ ಗಟಾರವನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು, ಒಡ್ಡಿನ ಹಸಿ ಮುದ್ದೆಯನ್ನು ಬೂಟಿನಿಂದ ಒತ್ತಿದರು. ಒಳಗೆ ಬಂದು, ಗೋಡೆಯ ಬೋರ್ಡಿನಿಂದ ಲೇಥಿನ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡರು.

"ನಾ ಬಂದಾಗ ನಾನ ಹಾಕತೀನಿ. ಅಲ್ಲೀತನಾ ಇದು ತಿರಗಬಾರದು. ಹುಡುಗರಿಗೆ ಕೈಕೆಲಸ ಕಲಸ್ರಿ."

ಬೇವಿನ ಗಿಡದ ಕೆಳಗಿನಿಂದ ಡ್ರೈವರ್ ಕೂಗಿದ: "ಏರಸೂದೇನ್ರಿ ಸಾಹೇಬ್ರ? ಖಾಲೀನ ಹೋಗೂದೇನು?"

"ಈ ಸಲ ಖಾಲಿ," ಎಂದರು ಮನ್ಸೂರಅಲಿ, ಜೀಪು ಹತ್ತುತ್ತ.

'ಈ ಸಲ' ಎಂದದ್ದು ದೇವಕಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಡ್ರೈವರ್ ಗೊಣಗುತ್ತ ಹಗ್ಗ ಸುತ್ತಿಕೊಳ್ಳುವುದನ್ನು ಅವಳು ಕಿಟಕಿಯಿಂದ ನೋಡಿದಳು. ಲಾರಿ ಗೇಟು ದಾಟಿ, ಕಾಲುವೆಯ ಏರಿ ಹತ್ತಿ, ಆಚೆ ಇಳಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಆಮೇಲೆ ಬಾಗಿಲಲ್ಲಿ ಗುಂಪುಗೂಡಿದ್ದ ಮಕ್ಕಳನ್ನು ಒಳಗೆ ಕರೆದು, ಅವರ ಕೈಗೆ ಕಬ್ಬಿಣ ಉಜ್ಜುವ ಅರವನ್ನು ಒಂದೊಂದಾಗಿ ಕೊಡತೊಡಗಿದಳು.